ಹಿತ್ತಲ ಮಣ್ಣಿಗೊಂದು ಮಾಡು

ನಮ್ಮ ಮನೆಯಲ್ಲಿ ಅಡಿಕೆಗೆ ಎಷ್ಟು ಮಾಡು ಇದೆ ಎಂದು ಒಂದು ದಿನ ಸುಮ್ಮನೆ ಎಣಿಸಿದೆ. ಸುಲಿಯಲು ಅಂಗಳದ ಚಪ್ಪರ, ಬೇಯಿಸಲು ಒಲೆಯ ಮನೆ, ಅಕಾಲದ ಮಳೆ ಬಂದರೆ ಒಣಗಿಸಲು ಪ್ಲಾಸ್ಟಿಕ್ ಹೊದೆಸಿದ ಗೂಡು, ಚೀಲ ಇಡಲು ಮೆತ್ತಿ, ದೋಟಿ, ಏಣಿ, ಔಷಧಿ ಪಂಪುಗಳಿಗೆ ಪಕ್ಕದ ಇಳಿಮಾಡು. ಐದಾಯಿತು. ಸೌದೆಗೊಂದು ಕೊಟ್ಟಿಗೆ, ದರಕಿಗೊಂದು, ಬೈಕಿಗೂ ಒಂದು. ಮದುವೆಯಾಗಿ ಬಂದಂದಿನಿಂದ ನಾನು ಸಾಕಿಕೊಂಡು ಬಂದ ಇನ್ನೂರು ಚಿಲ್ಲರೆ ಕುಂಡಗಳ ಸಂಸಾರಕ್ಕೆ ಮಾತ್ರ ಬಚ್ಚಲುಮನೆಯ ಹಿಂದೆ, ಸೂರಿನಡಿ, ಎರಡಡಿ ಅಗಲದ ಒಂದು ಪಟ್ಟಿ.

ಆ ಎರಡಡಿಯ ಕತೆಯನ್ನು ಶಿರಸಿ, ಸಿದ್ದಾಪುರ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆರಿದ್ರಾ ಮಳೆ ಹಿಡಿಯಿತೆಂದರೆ ಯಾವ ಕಡ್ಡಿ ಊರಿದರೂ ಚಿಗುರುತ್ತದೆ. ದಾಸವಾಳ, ಕ್ರೋಟನ್, ಗುಲಾಬಿ ಎಲ್ಲ ಆ ಹದಿನಾಲ್ಕು ದಿನಗಳಲ್ಲೇ ಊರಿ ಮುಗಿಯಬೇಕು. ತವರಿನಿಂದ ತಂದದ್ದು, ಮದುವೆ ಮನೆಯಿಂದ ತಂದದ್ದು, ಯಾರದೋ ಬೇಲಿಯಿಂದ ಹೇಳದೇ ಮುರಿದುಕೊಂಡು ಬಂದದ್ದು, ಎಲ್ಲವೂ ಬಕೆಟ್ಟಿನಲ್ಲಿ ಕಾಯುತ್ತಿರುತ್ತವೆ. (ಕದ್ದ ಗಿಡ ಬೇಗ ಹತ್ತುತ್ತದೆ ಎಂಬ ಮಾತನ್ನು ಹುಟ್ಟಿಸಿದವರು ಕದ್ದವರೇ ಇರಬೇಕು.) ಅದೇ ಹದಿನಾಲ್ಕು ದಿನ ಸೂರಿನ ನೀರು ಹಗ್ಗ ಬಿಟ್ಟ ಹಾಗೆ ಇಳಿಯುತ್ತಿರುತ್ತದೆ. ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು, ಕುಕ್ಕರಗಾಲಲ್ಲಿ ಕೂತು, ಬೆನ್ನು ತೋಯಿಸಿಕೊಳ್ಳುತ್ತ ಮಣ್ಣು ತುಂಬಬೇಕು. ತುಂಬಿದ ಮಣ್ಣು ಅಷ್ಟರಲ್ಲೇ ಅಂಬಲಿಯಾಗಿರುತ್ತದೆ. ಕಾಲ್ಬೆರಳ ಸಂದಿಯಲ್ಲಿ ಉಂಬಳ ಯಾವಾಗ ಹತ್ತಿತೆಂದು ಗೊತ್ತಾಗುವುದು ಒಳಗೆ ಬಂದು ಚಾಪೆಯ ಮೇಲೆ ರಕ್ತ ಕಂಡಾಗಲೇ.

ಐವತ್ತನಾಲ್ಕನೇ ವಯಸ್ಸಿಗೆ ನನ್ನ ಮಂಡಿ ಈ ವ್ಯವಸ್ಥೆಯನ್ನು ಒಪ್ಪಲಿಲ್ಲ. ಮೂಳೆ ಡಾಕ್ಟರು ಫೋಟೋ ತೆಗೆಸಿ, ಇನ್ನು ಕುಕ್ಕರಗಾಲಲ್ಲಿ ಕೂರಬೇಡಿ ಅಂದರು. ಗಿಡ ಬಿಡಿ ಅಂದಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಬೇಕಾದದ್ದೇನು ಎಂದು ಸ್ಪಷ್ಟವಾಯಿತು. ನಿಂತು ಮಣ್ಣು ಕಲಸುವ ಒಂದು ಮೇಜು. ಮೇಜು ನೆನೆಯಬಾರದೆಂದರೆ ಮಾಡು ಬೇಕು, ಮಾಡು ನಿಲ್ಲಬೇಕೆಂದರೆ ಕಂಬ ಬೇಕು. ಹೀಗೆ ಮೇಜಿನಿಂದ ಹೊರಟ ಲೆಕ್ಕ ಹತ್ತಡಿ ಉದ್ದ, ಎಂಟಡಿ ಅಗಲದ ಕಟ್ಟೋಣಕ್ಕೆ ಬಂದು ಮುಟ್ಟಿತು.

ಸುದ್ದಿ ಕೇಳಿದ ಅತ್ತೆ, ‘ಮಣ್ಣು ಕಲಸಲೂ ಒಂದು ಮನೆ ಬೇಕನೇ ಕೂಸೆ? ಹಂಗಾರೆ ಗೃಹಪ್ರವೇಶ ಯಾವತ್ತು?’ ಅಂದರು. ಇವರು ಏನೂ ಹೇಳಲಿಲ್ಲ. ಏನೂ ಹೇಳದೇ ಇದ್ದರೆ ಜಾಗದ ಮೇಲೆ ಕಣ್ಣು ಬಿದ್ದಿದೆ ಎಂದು ಅರ್ಥ. ಅದು ನನಗೆ ಆಗ ಹೊಳೆಯಲಿಲ್ಲ. ಮೇಸ್ತ್ರಿ ಬಂದವನು ಖಾಲಿ ದನದ ಕೊಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, ‘ಎಂತಕ್ಕೆ ಅಮ್ಮಾ, ಸ್ಕೂಟಿ ಇಡೂಕಾ?’ ಎಂದು ಕೇಳಿದ. ಗಿಡದ ಕೆಲಸಕ್ಕೆ ಅಂದೆ. ‘ಓ, ಸಣ್ಣ ಶೆಡ್ಡು. ಎರಡು ದಿನದ ಕೆಲಸ’ ಅಂದ. ಶಿವರಾತ್ರಿ ಕಳೆದ ಮೇಲೆ ಶುರುವಾದ ಆ ಎರಡು ದಿನ ಮುಗಿದದ್ದು ಮೇ ತಿಂಗಳ ಕೊನೆಗೆ.

ಈ ಜಾಗಕ್ಕೆ ಕನ್ನಡದಲ್ಲಿ ಹೆಸರೇ ಇಲ್ಲ. ನರ್ಸರಿ ಅಂದರೆ ಮಾರುವವರದ್ದು. ಸಸಿಮಡಿ ಅಂದರೆ ಬಯಲಿನದ್ದು. ಇಂಗ್ಲಿಷರಲ್ಲಿ ಕುಂಡ ತುಂಬುವುದಕ್ಕೆಂದೇ ಒಂದು ಶೆಡ್ಡು ಕಟ್ಟುವ ರೂಢಿ ಹಳೆಯದು. ದೊಡ್ಡ ಬಂಗಲೆಗಳ ತರಕಾರಿ ತೋಟಕ್ಕೆ ಎತ್ತರದ ಗೋಡೆ ಕಟ್ಟಿ, ಗೋಡೆಯ ದಕ್ಷಿಣದ ಮೈಗೆ ಬಿಸಿಲು ಬೀಳುವಂತೆ ಗಾಜಿನ ಮನೆ ಆನಿಸುತ್ತಿದ್ದರು. ಅದೇ ಗೋಡೆಯ ಬಡಗು ಮಗ್ಗುಲಲ್ಲಿ, ತಣ್ಣನೆಯ ನೆರಳಲ್ಲಿ, ಆಳುಗಳು ಕುಂಡ ತುಂಬುವ ಶೆಡ್ಡು. ಗಾಜಿನ ಮನೆ ನೋಡಲು ಬಂದವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ನಮ್ಮಲ್ಲೂ ಹಾಗೇ ಅಲ್ಲವೇ? ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಹಾಕಿದರು. ಅಂದಿನಿಂದ ಇಂದಿನವರೆಗೆ ಅದರ ಎದುರು ಫೋಟೋ ತೆಗೆಸಿಕೊಳ್ಳದ ಮದುಮಕ್ಕಳಿಲ್ಲ. ಫಲಪುಷ್ಪ ಪ್ರದರ್ಶನಕ್ಕೆ ಸಾವಿರಗಟ್ಟಲೆ ಕುಂಡ ತುಂಬುವ ಕೈಗಳು ಎಲ್ಲಿ ಕೂತು ತುಂಬುತ್ತವೆ ಎಂದು ಯಾರೂ ಇಣುಕಿದ್ದಿಲ್ಲ. ನಾನೂ ಎರಡು ಸಲ ಹೋಗಿ ಹೂವನ್ನೇ ನೋಡಿ ಬಂದವಳು.

ಇಂಗ್ಲಿಷರ ಲೆಕ್ಕ ಬಿಸಿಲಿನದ್ದು, ನಮ್ಮದು ಮಳೆಯದ್ದು. ವರ್ಷಕ್ಕೆ ನೂರು ಇಂಚಿನ ಆಸುಪಾಸು ಸುರಿಯುವ ಊರಲ್ಲಿ, ಅದರಲ್ಲಿ ಬಹುಪಾಲು ಪಡುವಣ ಗಾಳಿಯ ಜೊತೆ ಅಡ್ಡಡ್ಡ ಬರುವಾಗ, ಶೆಡ್ಡು ಪಶ್ಚಿಮಕ್ಕೆ ಬೆನ್ನು ಹಾಕಿ ಕೂರಬೇಕು. ಪೂರ್ವ ತೆರೆದಿರಬೇಕು, ಬೆಳಗಿನ ಬೆಳಕು ಮೇಜಿನ ಮೇಲೆ ಬೀಳುವಂತೆ. ನಮ್ಮ ಖಾಲಿ ಕೊಟ್ಟಿಗೆಯ ಹಿಂಬದಿಯ ಮೂಲೆ ಹೇಳಿ ಮಾಡಿಸಿದ ಹಾಗಿತ್ತು. ಕೊನೆಯ ಆಕಳನ್ನು ಕೊಟ್ಟು ಎರಡು ವರ್ಷವಾಗಿತ್ತು. ಹುಲ್ಲಿಗೆ ಜನ ಇಲ್ಲ, ಕರೆಯಲು ಕೈ ಇಲ್ಲ. ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಸೆಗಣಿ ಗೊಬ್ಬರ ಸಿಮೆಂಟ್ ಚೀಲದಲ್ಲಿ ಬರುತ್ತದೆ, ಎರಡಕ್ಕೂ ದುಡ್ಡು. ಅರ್ಧ ಕುಸಿದಿದ್ದ ಕೊಟ್ಟಿಗೆಯನ್ನು ಬಿಚ್ಚಿ ಅದರ ಸಾಮಾನಿನಲ್ಲೇ ನನ್ನದನ್ನು ಕಟ್ಟುವುದೆಂದು ನಿಶ್ಚಯವಾಯಿತು.

ಗೋಡೆಗೆ ಜಂಬಿಟ್ಟಿಗೆ. ಮರದ ಕಂಬ ನೆಟ್ಟರೆ ಮೂರು ಮಳೆಗಾಲದಲ್ಲಿ ಒರಲೆಗೆ ಊಟ. ಜಂಬಿಟ್ಟಿಗೆಯ ಗುಣ ವಿಚಿತ್ರ: ಗಣಿಯಿಂದ ಎಬ್ಬಿಸುವಾಗ ಕೊಡಲಿಯಲ್ಲೇ ಕೆತ್ತಬಹುದಾದಷ್ಟು ಮೆದು, ಗಾಳಿ ಬಿಸಿಲಿಗೆ ಬಿದ್ದಂತೆ ಗಟ್ಟಿ. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದನ್ನು ಮಲಬಾರಿನಲ್ಲಿ ಕಂಡು ಬೆರಗಾಗಿ, ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ‘ಲಾತೆರ್’ ಅಂದರೆ ಇಟ್ಟಿಗೆ. ಅವನು 1801ರಲ್ಲಿ ನಮ್ಮ ಸೋಂದಾ, ಶಿರಸಿಯ ದಾರಿಯನ್ನೂ ತುಳಿದು, ಇಲ್ಲಿನ ಅಡಿಕೆ ತೋಟಗಳ ಬಗ್ಗೆ ಪುಟಗಟ್ಟಲೆ ಬರೆದುಕೊಂಡವನು. ಕಲ್ಲನ್ನು ಇಟ್ಟಿಗೆ ಎಂದು ಕರೆಯುವ ಆಲೋಚನೆ ನಮ್ಮವರಿಗೂ ಹೊಳೆದಿತ್ತು. ಜಂಬಿಟ್ಟಿಗೆಯಲ್ಲಿ ಇಟ್ಟಿಗೆ ಇದ್ದೇ ಇದೆಯಲ್ಲ. ಪಡುವಣ ಗೋಡೆ ಪೂರ್ತಿ ಎತ್ತರ, ಉತ್ತರ ದಕ್ಷಿಣದ್ದು ಸೊಂಟದವರೆಗೆ, ಅದರ ಮೇಲೆ ಗಾಳಿಯಾಡಲು ಅಡಿಕೆ ದಬ್ಬೆಯ ಜಾಲರಿ. ನೆಲಕ್ಕೆ ಸಿಮೆಂಟ್ ಬೇಡವೆಂದು ಹಟ ಹಿಡಿದೆ. ಜಂಬಿಟ್ಟಿಗೆಯ ಚೂರು ಹಾಸಿ ದಮ್ಮಸು ಮಾಡಿದರೆ ಚೆಲ್ಲಿದ ನೀರು ಇಂಗಿ ಹೋಗುತ್ತದೆ, ಕಾಲೂ ಜಾರುವುದಿಲ್ಲ.

ಜಗಳ ಹತ್ತಿದ್ದು ಮಾಡಿನ ವಿಷಯಕ್ಕೆ. ಈಗ ನಮ್ಮೂರಲ್ಲಿ ಯಾರೂ ಹೊಸದಾಗಿ ಹೆಂಚು ಹೊದೆಸುವುದಿಲ್ಲ, ಎಲ್ಲ ತಗಡಿನ ಶೀಟು. ಕಾರಣ ಮಂಗ. ಒಂದು ಹಿಂಡು ಮಾಡಿನ ಮೇಲೆ ಓಡಿದರೆ ಹತ್ತು ಹೆಂಚು ಹೋಗುತ್ತದೆ. ಹತ್ತಿ ಸರಿ ಮಾಡುವವನಿಗೆ ನೂರು ಸಲ ಫೋನು ಮಾಡಬೇಕು. ಮೇಸ್ತ್ರಿ, ಇವರು, ಕೇಳದೇ ಬಂದ ಪಕ್ಕದ ಮನೆಯ ಭಾವ, ಎಲ್ಲರೂ ಶೀಟಿನ ಪಕ್ಷ. ನನ್ನದೊಂದೇ ಓಟು ಹೆಂಚಿಗೆ. ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಹತ್ತು ನಿಮಿಷ ನಿಂತು ನೋಡಿ, ಎಳೆ ಸಸಿ ಬಿಡಿ, ಮನುಷ್ಯರೇ ಬಾಡುತ್ತಾರೆ. ಜುಲೈನಲ್ಲಿ ಅದರ ಕೆಳಗೆ ನಿಂತರೆ ಸದ್ದಿಗೆ ಮನೆಯಿಂದ ಯಾರು ಕೂಗಿದರೂ ಕೇಳುವುದಿಲ್ಲ. (ಇದು ಒಂದು ಅನುಕೂಲವೂ ಹೌದು ಎಂದು ಆಮೇಲೆ ಅನ್ನಿಸಿತು.)

ಹೆಂಚು ಗೆದ್ದದ್ದು ನನ್ನ ವಾದದಿಂದಲ್ಲ. ಕೊಟ್ಟಿಗೆಯ ಹೆಂಚು ಇಳಿಸುವಾಗ ಒಂದೊಂದನ್ನೂ ತಿಕ್ಕಿ ನೋಡಿದರೆ, ಪಾಚಿಯಡಿ ಮಂಗಳೂರಿನ ಹಳೆಯ ಕಾರ್ಖಾನೆಗಳ ಮುದ್ರೆ. ಬಾಸೆಲ್ ಮಿಷನ್ನಿನವರು ಪ್ಲೆಬ್ಸ್ಟ್ ಎಂಬಾತನ ಉಸ್ತುವಾರಿಯಲ್ಲಿ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಹೆಂಚಿನ ಕೆಲಸ, ಒಂದರ ತುಟಿಗೆ ಇನ್ನೊಂದರ ತುಟಿ ಕಚ್ಚಿಸಿ ಕೂರಿಸುವ ಆ ಹೊಂದಿಕೆ, ಘಟ್ಟ ಹತ್ತಿ ನಮ್ಮ ಸೋಗೆ ಮಾಡುಗಳನ್ನು ಓಡಿಸಿತು. ನಮ್ಮ ಕೊಟ್ಟಿಗೆಯದ್ದು ಅಷ್ಟು ಹಳತಲ್ಲ, ಆದರೂ ಬೆರಳ ಗೆಣ್ಣಿನಿಂದ ತಟ್ಟಿದರೆ ಕಂಚಿನ ಸದ್ದು. ‘ಇದನ್ನ ಎಸೆಯೂದು ಪಾಪ ಅಮ್ಮಾ’ ಎಂದು ಮೇಸ್ತ್ರಿಯೇ ಪಕ್ಷಾಂತರ ಮಾಡಿದ. ಪಕಾಸು, ರೀಪು ಹಳೆಯದರಲ್ಲೇ ಆಯ್ದು ಕಟ್ಟಿದರು. ಪಡುವಣಕ್ಕೆ ಸೂರನ್ನು ಮೂರಡಿ ಇಳಿಬಿಟ್ಟರು. ಬೆಳಕಿಗೆಂದು ಮೂರು ಗಾಜಿನ ಹೆಂಚು ಪೇಟೆಯಿಂದ ತರಿಸಿದೆ. ಹನ್ನೊಂದನೇ ದಿನ ಮಂಗ ಒಂದನ್ನು ಒಡೆಯಿತು. ಶೀಟಿನ ಪಕ್ಷದವರು ಸೌಜನ್ಯಕ್ಕೆ ಏನೂ ಹೇಳಲಿಲ್ಲ.

ಇನ್ನು ಮೇಜು. ಬಡಗಿಗೆ ಮೇಜಿನ ಎತ್ತರ ಎಂದರೆ ಎರಡೂವರೆ ಅಡಿ, ಊಟದ ಮೇಜಿನದ್ದು. ನಾನು ಅವನೆದುರು ನೆಟ್ಟಗೆ ನಿಂತು, ಕೈ ಮಡಚಿ, ಮೊಣಕೈಯಿಂದ ನೆಲಕ್ಕೆ ಟೇಪು ಹಿಡಿ ಅಂದೆ. ಅಲ್ಲಿಂದ ನಾಲ್ಕು ಬೆರಳು, ಇನ್ನೂ ಸ್ವಲ್ಪ ಕೆಳಗೆ ಗುರುತು ಹಾಕಿದರೆ 34 ಇಂಚು ಬಂತು. ಕುಂಡದ ಬಾಯಿ ಮೇಜಿಗಿಂತ ಎತ್ತರದಲ್ಲಿರುವುದರಿಂದ, ಕೈ ಕೆಲಸ ಮಾಡುವುದು ಮೇಜಿನ ಮೇಲಲ್ಲ, ಕುಂಡದ ಮೇಲೆ. ಅದಕ್ಕೇ ಅಷ್ಟು ಬಿಟ್ಟದ್ದು. ಹಿಂದೆ ಮತ್ತು ಎರಡು ಮಗ್ಗುಲಿಗೆ ಆರಿಂಚಿನ ಪಟ್ಟಿ, ಮಣ್ಣು ಗೋಡೆಯ ಸಂದಿಗೆ ಬೀಳದಂತೆ. ಮುಂದೆ ಏನೂ ಇಲ್ಲ. ಕೆಲಸ ಮುಗಿದ ಮೇಲೆ ಅಂಗೈಯಲ್ಲಿ ಬಳಿದರೆ ಎಲ್ಲ ಬುಟ್ಟಿಗೆ. ಹಲಗೆಗಳು ಕೊಟ್ಟಿಗೆಯ ಗೋದಲಿಯವು. ಎಷ್ಟು ದನಗಳು ಎಷ್ಟು ವರ್ಷ ಕೊರಳು ಉಜ್ಜಿದ್ದವೋ, ಅಂಚೆಲ್ಲ ಎಣ್ಣೆ ಹಚ್ಚಿದ ಹಾಗೆ ನುಣುಪು. ರಂಧ ಹಾಕಲು ಬಂದ ಬಡಗಿ ಕೈಯಾಡಿಸಿ ನೋಡಿ, ರಂಧವನ್ನು ಮತ್ತೆ ಚೀಲಕ್ಕೆ ಹಾಕಿದ.

ಅಕ್ಕಚ್ಚು ಹಾಕುತ್ತಿದ್ದ ಮರಿಗೆಯೂ ಸಿಕ್ಕಿತು. ಒಂದೇ ದಿಮ್ಮಿಯನ್ನು ದೋಣಿಯ ಹಾಗೆ ಕಡೆದದ್ದು. ಒಂದು ತುದಿ ಸೀಳಿದ್ದರಿಂದ ನೀರು ನಿಲ್ಲುತ್ತಿರಲಿಲ್ಲ, ಮಣ್ಣಿಗೆ ಅದೇ ಒಳ್ಳೆಯದು. ಮೇಜಿನ ಪಕ್ಕ ಎರಡು ಕಲ್ಲಿನ ಮೇಲೆ ಕೂರಿಸಿದೆ. ಈಗ ನಾನು ಕುಂಡದ ಮಣ್ಣು ಕಲಸುವುದೆಲ್ಲ ಅದರಲ್ಲೇ.

ಕುಂಡದ ಮಣ್ಣಿನ ಪಾಕ ಒಬ್ಬೊಬ್ಬರದು ಒಂದೊಂದು, ತಂಬುಳಿಯ ಹಾಗೆ. ಇಂಗ್ಲೆಂಡಿನಲ್ಲೂ ಹಿಂದೆ ತೋಟದ ಮಾಲಿಗಳು ಒಂದೊಂದು ಗಿಡಕ್ಕೆ ಒಂದೊಂದು ಗುಟ್ಟಿನ ಮಿಶ್ರಣ ಇಟ್ಟುಕೊಂಡಿದ್ದರಂತೆ. 1930ರ ದಶಕದಲ್ಲಿ ಅಲ್ಲಿನ ಜಾನ್ ಇನ್ನೆಸ್ ಸಂಸ್ಥೆಯ ಲಾರೆನ್ಸ್ ಮತ್ತು ನ್ಯೂವೆಲ್ ಆ ಗುಟ್ಟುಗಳನ್ನೆಲ್ಲ ಬದಿಗೊತ್ತಿ, ಕುಂಡಕ್ಕೆ ಏಳು ಪಾಲು ಹದವಾದ ಮಣ್ಣು, ಮೂರು ಪಾಲು ಪೀಟ್, ಎರಡು ಪಾಲು ಮರಳು ಎಂದು ತೀರ್ಮಾನಿಸಿದರು. ಮಣ್ಣನ್ನು ಮೊದಲು ಆವಿಯಲ್ಲಿ ಬೇಯಿಸಬೇಕೆಂಬುದು ಅವರ ಕಟ್ಟಳೆ. ನಾನು ಬೇಯಿಸುವುದಿಲ್ಲ, ಬಚ್ಚಲ ಹಂಡೆಗೆ ಮಣ್ಣು ಹಾಕಿದರೆ ಮನೆಯಲ್ಲಿ ಏನಾಗಬಹುದೆಂದು ನನಗೆ ಗೊತ್ತು. ಏಪ್ರಿಲ್ ಬಿಸಿಲಿಗೆ ಮಣ್ಣನ್ನು ನೆನೆಸಿ ಹರವಿ, ಪಾರದರ್ಶಕ ಪ್ಲಾಸ್ಟಿಕ್ ಹೊದೆಸಿ, ಅಂಚಿಗೆ ಕಲ್ಲು ಹೇರಿ ಐದಾರು ವಾರ ಬಿಡುತ್ತೇನೆ. ಒಳಗೆ ಕೈಯಿಟ್ಟರೆ ಸುಡುತ್ತದೆ. ಕಳೆ ಬೀಜ, ಹುಳ ಬಹುಪಾಲು ಅದಕ್ಕೇ ಹೋಗುತ್ತವೆ.

ನನ್ನ ಪಾಕ ಇಷ್ಟು: ಬೆಟ್ಟದಂಚಿನ ಕೆಮ್ಮಣ್ಣು ಎರಡು ಬುಟ್ಟಿ, ವರ್ಷ ಕಳೆದ ಸೊಪ್ಪಿನ ಗೊಬ್ಬರ ಒಂದು, ಸುಟ್ಟ ಭತ್ತದ ಉಮಿ ಒಂದು. ಹೊಳೆ ಮರಳು ಸಿಗುವುದು ದುರ್ಲಭ. ಎಂ-ಸ್ಯಾಂಡ್ ಹಾಕಿ ನೋಡಿದೆ, ಅದರ ಹುಡಿ ತಳದಲ್ಲಿ ಗಾರೆಯ ಹಾಗೆ ಕಚ್ಚಿಕೊಂಡಿತು. ಆಂಥೂರಿಯಂ ಬೇರೆ ಜಾತಿ, ಅದಕ್ಕೆ ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಅಷ್ಟೇ. ಕಲಸುವಾಗ ನೀರಿನ ಹದ ನೋಡುವುದು ಹೇಗೆಂದರೆ, ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಬೇಕು. ಬೆರಳ ಸಂದಿಯಿಂದ ನೀರು ಬಂದರೆ ಹೆಚ್ಚಾಯಿತು. ಮುಷ್ಟಿ ಬಿಚ್ಚಿದ ಕೂಡಲೇ ಉದುರಿದರೆ ಕಡಿಮೆ. ಉಂಡೆಯಾಗಿ ನಿಂತು, ಹೆಬ್ಬೆರಳಿನಿಂದ ಮೆಲ್ಲಗೆ ತಾಗಿಸಿದಾಗ ಎರಡಾಗಿ ಬಿರಿದರೆ ಸರಿ. ರವೆ ಉಂಡೆ ಕಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕುಂಡಕ್ಕೆ ತುಂಬಲು ಪೇಟೆಯ ಸಲಕೆ ಇದೆ, ಆದರೂ ಕೈ ಹೋಗುವುದು ಅಡಿಕೆ ಹಾಳೆಯ ತುಂಡಿಗೇ. ಮಡಚಿದರೆ ಲಾಳಿಕೆ, ಬಿಡಿಸಿದರೆ ತಟ್ಟೆ.

ಮೊದಲ ಮಳೆಗಾಲದಲ್ಲೇ ಪರೀಕ್ಷೆ. ಪಡುವಣ ಗೋಡೆಯೇನೋ ಬಂಡೆಯ ಹಾಗೆ ನಿಂತಿತು. ಎರಚಲು ಬಂದದ್ದು ದಕ್ಷಿಣದ ದಬ್ಬೆಯ ಜಾಲರಿಯಿಂದ. ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುತ್ತದೆಂದು ಶಾಲೆಯಲ್ಲಿ ಓದಿದ್ದೆ, ಶೆಡ್ಡು ಕಟ್ಟುವಾಗ ಮರೆತಿದ್ದೆ. ಟ್ರೇಯಲ್ಲಿ ಬಿತ್ತಿದ್ದ ಬದನೆ, ಮೆಣಸಿನ ಸಸಿಗಳು ಬೆಳಿಗ್ಗೆ ನೆಟ್ಟಗೆ ನಿಂತಿದ್ದವು, ಮರುದಿನ ನೋಡಿದರೆ ನೆಲ ಮುಟ್ಟುವಲ್ಲಿ ಕಾಂಡ ನೂಲಿನಷ್ಟು ಸಣ್ಣಗಾಗಿ ಸಾಲಾಗಿ ಮಲಗಿದ್ದವು. ಸಸಿ ಕೊಳೆ. ಒತ್ತೊತ್ತಾಗಿ ಬಿತ್ತಿದ್ದೆ, ಮೇಲಿನಿಂದ ತೇವ, ಗಾಳಿಯಾಡಲು ಜಾಗವಿಲ್ಲ. ಶಿಲೀಂಧ್ರಕ್ಕೆ ಇನ್ನೇನು ಬೇಕು?

ನಮ್ಮಲ್ಲಿ ಕೊಳೆ ಎಂದರೆ ಅಡಿಕೆ ಕೊಳೆಯೇ. ಅದರ ಮದ್ದು ಮನೆಯಲ್ಲೇ ಇತ್ತು. ಇವರು ತೋಟಕ್ಕೆ ಹೊಡೆಸಲು ಡ್ರಮ್ಮಿನಲ್ಲಿ ಬೋರ್ಡೋ ತಯಾರಿಸುತ್ತಿದ್ದರು: ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು. ಒಂದು ತಂಬಿಗೆ ಕೊಡಿ ಅಂದೆ. ಕೊಟ್ಟರು. ಉಳಿದ ಸಸಿಗಳ ಬುಡಕ್ಕೆ ಹೊಯ್ದೆ, ಅರ್ಧ ಬದುಕಿದವು. ಅತ್ತೆ ಊರುಗೋಲು ಹಿಡಿದು ಬಂದು ನೋಡಿ, ‘ಮಳೆಗಾಲದಲ್ಲಿ ಸೋಗೆ ತಟ್ಟಿ ಕಟ್ಟದೇ ಯಾರಾದ್ರೂ ಇರ್ತ್ವನೇ?’ ಅಂದರು. ಹೌದಲ್ಲ! ಹಿಂದೆ ಜಗಲಿಗೆ ಪ್ರತಿ ವರ್ಷ ಕಟ್ಟುತ್ತಿದ್ದದ್ದು, ಗ್ರಿಲ್ಲು ಬಂದ ಮೇಲೆ ನಾವೇ ಬಿಟ್ಟದ್ದು. ಮರುದಿನವೇ ಸೋಗೆ ಹೆಣೆಸಿ ದಕ್ಷಿಣಕ್ಕೆ ಕಟ್ಟಿಸಿದೆ. ಆ ತಂಬಿಗೆ ಬೋರ್ಡೋ ಸಾಲ ಎಂದು ಮಾತ್ರ ಆಗ ಯಾರೂ ಹೇಳಿರಲಿಲ್ಲ.

ಶೆಡ್ಡಿಗೆ ಬಿದ್ದ ಖರ್ಚು 38 ಸಾವಿರ, ಗಾಜಿನ ಹೆಂಚು ಮತ್ತೆ ಹಾಕಿಸಿದ್ದೂ ಸೇರಿ. ಅದರಲ್ಲಿ ಅರ್ಧ ನನ್ನ ಡೇರೆ ಗಡ್ಡೆಯ ದುಡ್ಡು. ಮೆಕ್ಸಿಕೋದ ಈ ಹೂವಿಗೆ 1791ರಲ್ಲಿ ಸ್ವೀಡನ್ನಿನ ಆಂಡರ್ಸ್ ದಾಲ್ ಎಂಬ ಸಸ್ಯತಜ್ಞನ ಹೆಸರಿಟ್ಟರು. ಡಾಲಿಯಾ ನಮ್ಮ ಅಂಗಳ ಹೊಕ್ಕು ಡೇರೆಯಾಯಿತು. ಶ್ರಾವಣದಿಂದ ದೀಪಾವಳಿಯವರೆಗೆ ಇದನ್ನು ನೋಡಲೆಂದೇ ನೆಂಟರ ಮನೆಗೆ ಹೋಗುವವರಿದ್ದಾರೆ. ಹೂವಿಗಿಂತ ನನಗೆ ಇಷ್ಟ ಗಡ್ಡೆ ಬಿಡಿಸುವ ಕೆಲಸ. ಗಿಡ ಒಣಗಿದ ಮೇಲೆ ಅಗೆದು, ತೊಳೆದು, ಮೇಜಿನ ಮೇಲೆ ಇಟ್ಟರೆ ಗೆಣಸಿನ ಗೊಂಚಲಿನಂತೆ ಕಾಣುತ್ತದೆ. ಒಂದೊಂದು ಗಡ್ಡೆಯಿಂದಲೂ ಒಂದೊಂದು ಗಿಡ ಎಂದುಕೊಂಡು ಕಿತ್ತರೆ ಮೋಸ ಹೋದಿರಿ. ಕಣ್ಣು ಇರುವುದು ಗಡ್ಡೆಯ ಮೈಯಲ್ಲಲ್ಲ, ಅದು ಹಳೆಯ ಕಾಂಡಕ್ಕೆ ಕೂಡುವ ಕುತ್ತಿಗೆಯಲ್ಲಿ, ಸಾಸಿವೆಯಷ್ಟು. ಕುತ್ತಿಗೆ ಮುರಿದ ಗಡ್ಡೆ ಎಷ್ಟೇ ದಪ್ಪವಿರಲಿ, ಮಣ್ಣಲ್ಲಿ ಹಾಗೇ ಮಲಗಿರುತ್ತದೆ, ಚಿಗುರುವುದಿಲ್ಲ. ಮುಂಚೆ ಮುಸ್ಸಂಜೆಯ ಮಬ್ಬಿನಲ್ಲಿ, ನೆಲದಲ್ಲಿ ಕೂತು, ಅಂದಾಜಿನ ಮೇಲೆ ಕತ್ತರಿಸುತ್ತಿದ್ದೆ. ಮೂರರಲ್ಲಿ ಒಂದು ಕುರುಡು ಗಡ್ಡೆಯೇ. ಈಗ ಗಾಜಿನ ಹೆಂಚಿನ ಬೆಳಕು ನೇರ ಚೂರಿಯ ಮೇಲೆ ಬೀಳುತ್ತದೆ. ಕಣ್ಣು ಹುಡುಕಿ, ಕಾಂಡದ ಒಂದು ಚೂರನ್ನೂ ಸೇರಿಸಿ ಸೀಳಿ, ಗಾಯಕ್ಕೆ ಬೂದಿ ಮೆತ್ತಿ, ಒಣ ಮರಳಿನ ಬುಟ್ಟಿಯಲ್ಲಿ ಮೇಜಿನ ಕೆಳಗೆ ಇಡುತ್ತೇನೆ. ತಿಂಗಳಿಗೊಮ್ಮೆ ನೋಡಬೇಕು: ಸುಕ್ಕಾದರೆ ಒಂದು ಚಿಮುಕು ನೀರು, ಮೆತ್ತಗಾದದ್ದನ್ನು ಎಸೆಯಬೇಕು.

ಗಡ್ಡೆ, ಬೀಜ ಕೊಂಡುಕೊಳ್ಳುವವರಿಗೆ ಕೊರತೆಯಿಲ್ಲ. ಶಿರಸಿಯ ವನಸ್ತ್ರೀಯವರು 2001ರಿಂದ ಮನೆತೋಟದ ಬೀಜಗಳನ್ನು ಹೆಂಗಸರ ಕೈಯಿಂದ ಕೈಗೆ ದಾಟಿಸುತ್ತ ಬಂದಿದ್ದಾರೆ. ಅವರ ಮಲೆನಾಡು ಮೇಳದಲ್ಲಿ ಗಿಡಕ್ಕಿಂತ ಗಿಡದ ಮಾತೇ ಹೆಚ್ಚು ಬಿಕರಿಯಾಗುತ್ತದೆ. ಶೆಡ್ಡು ನೋಡಲೆಂದೇ ಈಗ ಅತ್ತಿಗೆ, ನಾದಿನಿಯರು ಬರುತ್ತಾರೆ. ಎಲ್ಲರೂ ಮೊದಲು ಮಾಡುವುದು ಒಂದೇ, ಮೇಜಿನೆದುರು ನಿಂತು ಎರಡೂ ಅಂಗೈ ಊರಿ ನೋಡುವುದು. ಇಬ್ಬರು ಟೇಪು ತಂದು ಅಳೆದುಕೊಂಡು ಹೋಗಿದ್ದಾರೆ. ನನ್ನಷ್ಟೇ ಎತ್ತರವಿದ್ದರೆ ಮಾತ್ರ ಈ ಅಳತೆ ಎಂದು ಹೇಳಿ ಕಳಿಸಿದೆ.

ಕಾರ್ತಿಕ ಮುಗಿಯುತ್ತ ಬಂದಂತೆ ಅಡಿಕೆ ಕೊಯ್ಲು. ಈ ವರ್ಷ ಮೆತ್ತಿಯ ಹಲಗೆ ರಿಪೇರಿಗೆ ಬಂದಿತ್ತು. ಇವರು ಶೆಡ್ಡಿನ ಬಾಗಿಲಲ್ಲಿ ನಿಂತು, ಮಾಡಿನ ಹೆಂಚನ್ನು ಸುಮಾರು ಹೊತ್ತು ಹೊಗಳಿ, ಕೊನೆಗೆ ‘ಎರಡು ದಿನ ಮಟ್ಟಿಗೆ ನಾಲ್ಕು ಚೀಲ ಮೇಜಿನ ಕೆಳಗೆ ಇಡ್ಲನೇ?’ ಅಂದರು. ಬೋರ್ಡೋದ ತಂಬಿಗೆ ನೆನಪಾಯಿತು. ಆಗಲಿ ಅಂದೆ. ತಾರೀಖನ್ನು ಸುಣ್ಣದ ಕಡ್ಡಿಯಲ್ಲಿ ಜಂಬಿಟ್ಟಿಗೆ ಗೋಡೆಯ ಮೇಲೆ ಬರೆದಿಟ್ಟೆ. ಮೂರನೇ ದಿನ ಚೀಲ ಆರಾಗಿತ್ತು. ಐದನೇ ದಿನ ದೋಟಿ ಬಂದು ಮೂಲೆಗೆ ಆತುಕೊಂಡಿತು. ಎಂಟನೇ ದಿನ ಏಣಿ.

ಇವತ್ತಿಗೆ ಹದಿನೇಳನೇ ದಿನ. ಡೇರೆ ಗಡ್ಡೆ ಅಗೆದಾಗಿದೆ. ಮರಳಿನ ಬುಟ್ಟಿಗಳನ್ನು ಅಡಿಕೆ ಚೀಲಗಳ ಮೇಲೆ ಇಟ್ಟಿದ್ದೇನೆ. ಚೀಲ ಬೇಕಾದವರು ಮೊದಲು ಬುಟ್ಟಿ ಇಳಿಸಬೇಕು, ಬುಟ್ಟಿ ಇಳಿಸಲು ನನ್ನನ್ನು ಕೇಳಬೇಕು.